ಎರಡು ಕೊಂಬು, ಒಂದು ಒತ್ತು

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನನ್ನದು
ಸ್ಕ್ರೀನ್ ಪ್ರಿಂಟಿನ ಅಂಗಡಿ.
ಮದುವೆಯ ತಾಂಬೂಲದ ಚೀಲ, ಗುಲಾಬಿ ರಫ್ತಿನವರ ರಟ್ಟಿನ ಡಬ್ಬ,
ಆರು ವರ್ಷದಿಂದ 'ತುಕ್ಕು' ತಂಡದ ಕರಿ ಟೀಶರ್ಟು.
ಕಪ್ಪಿನ ಮೇಲೆ ಬಿಳಿ ಒಂದೇ ಎಳೆತಕ್ಕೆ ಕೂರುವುದಿಲ್ಲ;
ಎಳೆದು, ಒಣಗಿಸಿ, ಮತ್ತೆ ಎಳೆಯಬೇಕು.
ಮೆಟಲ್ ಬಗ್ಗೆ ನನಗೆ ತಿಳಿದದ್ದು ಇಷ್ಟೇ.

ಎರಡು ಕೊಂಬು, ಒಂದು ಒತ್ತು,
ಹೆಸರಲ್ಲೇ ಎಲ್ಲ ಇತ್ತು.
ಕೊಂಬುಗಳನ್ನು ಗೂಳಿಯದರಂತೆ ಮೇಲಕ್ಕೆ ತಿರುವಿ
ಒತ್ತಿಗೆ ಮುಳ್ಳುತಂತಿ ಸುತ್ತಿ ಬರೆದುಕೊಟ್ಟಿದ್ದ ಸಂಪಂಗಿ.
ಓದಲು ಯಾರಿಗೂ ಬರುತ್ತಿರಲಿಲ್ಲ.
ತೊಡಲು ಎಲ್ಲರಿಗೂ ಬೇಕು.

ಆಗ ಅವನ ಗಂಟಲೂ ಹಾಗೇ.
ಪ್ರೆಸ್ ಶಾಪಿನಲ್ಲಿ ಅರವತ್ತು ಟನ್ ಬಿದ್ದು
ತಗಡು ಬಾಗುವಾಗಿನ ಸದ್ದು, ಅದರೊಳಗೆ ಒಬ್ಬ ಮನುಷ್ಯ.
ಹಿಂದೆ ಜಾಫರನ ಎರಡೂ ಕಾಲು, ಅರುಳನ ಗಿಟಾರು.
ಮಾತು? ಯಾರಿಗೆ ಬೇಕಿತ್ತು ಮಾತು.
ಬೇರಿಕೆಯವರು ಅದು ತೆಲುಗು ಅಂದುಕೊಂಡರು,
ಕೃಷ್ಣಗಿರಿಯಿಂದ ಬಂದವರು ತಮಿಳೇ ಎಂದು ಆಣೆಯಿಟ್ಟರು,
ತಳಿಯ ಕಡೆಯವರು ಕೇಳುವ ಗೋಜಿಗೇ ಹೋಗದೆ ಕುಣಿದರು.
ಒಂದೇ ಕಿರುಚು, ಎಲ್ಲರಿಗೂ ಸಾಕಾಗಿ ಮಿಗುತ್ತಿತ್ತು.

ಹೋದ ಕಾರ್ತಿಕದಲ್ಲಿ ಹೊಸ ಹಾಡು ಬಂತು.
ಒಂಬತ್ತು ನಿಮಿಷ. ಮೊದಲ ಮೂರರಲ್ಲಿ ಏನೂ ಆಗುವುದಿಲ್ಲ,
ಶ್ರುತಿಪೆಟ್ಟಿಗೆ ಉಸಿರಾಡುತ್ತದೆ.
ಆಮೇಲೆ ಸಂಪಂಗಿ, ಕಿರುಚದೆ, ಬಾಯಿಬಿಟ್ಟು:
ಬಾಚಣಿಗೆಯಲ್ಲಿ ಅಮ್ಮನ ಮೂರು ಬಿಳಿ ಕೂದಲು,
ಎಸೆಯಲೂ ಇಲ್ಲ ನಾನು, ತೆಗೆದಿಡಲೂ ಇಲ್ಲ.

ಕನ್ನಡ. ಅಕ್ಷರ ಅಕ್ಷರ ಕೇಳಿಸಿತು.
ಅಲ್ಲಿಂದ ಶುರು.

ಮುನಿಲಿಂಗ ಟೀಶರ್ಟಿನ ಗಂಟು ತಂದು ಮೇಜಿನ ಮೇಲೆ ಒಗೆದ.
"ನಿನ್ ಮೇಲೆ ಕೋಪ ಇಲ್ಲಣ್ಣ, ದುಡ್ಡೂ ಬೇಡ.
ಮೊದ್ಲು ಮಾತು ತಿಳೀತಿರಲಿಲ್ಲ,
ನಾನು ನನ್ ಮಾತು ತುಂಬ್ಕೊಂಡು ಕೂಗ್ತಿದ್ದೆ,
ಸೂಪರ್‌ವೈಸರಿಗೆ ಅನ್ನೋದು, ನಮ್ ಭಾವನಿಗೆ ಅನ್ನೋದು.
ಈಗ ಅವನ ಅಮ್ಮ ಬಂದು ಕೂತವಳೆ ಹಾಡಲ್ಲಿ.
ನಾನೆಲ್ಲಿ ಕೂರ್ಲಿ?
ಕೊಂಬು ಬಂದದೆ ಅವನಿಗೆ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು.
ಹೊಸ ಟೀಶರ್ಟಿನಲ್ಲಿ ಕೊಂಬುಗಳು ಮಡಚಿಕೊಂಡು ಮಲಗಿವೆ,
ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ ದುಂಡಗೆ: ತು, ಕ್ಕು.

ಅದನ್ನೇ ನಾಲ್ಕು ಕೊಂಡಳು ಕುಸುಮಾವತಿ,
ಗಡಿಯಾರದ ಮುಳ್ಳು ಜೋಡಿಸುವವಳು,
ಹಾಸ್ಟೆಲಿನ ಹುಡುಗಿಯರಿಗೂ ಸೇರಿಸಿ.
"ಇಷ್ಟು ದಿನ ಕಿರುಚ್ತಿದ್ದಿದ್ದು ನಮ್ಮನೆ ಭಾಷೇಲೇ ಅಂತ
ಗೊತ್ತೇ ಆಗಿರ್ಲಿಲ್ಲ ನೋಡಣ್ಣ" ಅಂದಳು,
ಚಿಲ್ಲರೆ ಎಣಿಸುತ್ತಾ.

ಬೇರಿಕೆಯ ಹುಡುಗರು ಏನೂ ಅನ್ನಲಿಲ್ಲ. ಬರುವುದು ಬಿಟ್ಟರು.
ಅವರು ಹೇಳಿಟ್ಟಿದ್ದ ಎಂಟು ಟೀಶರ್ಟು ಅಟ್ಟದ ಮೇಲಿವೆ,
ಅಳತೆ ಬರೆದ ಚೀಟಿ ಸಮೇತ.

ಯಾಕೆ ಬದಲಾಯಿಸಿದಿರಿ ಎಂದು ಅರುಳನನ್ನು ಕೇಳಿದೆ.
"ಬದಲಾಯಿಸಿದೆವಾ?" ಎಂದು ತಂತಿ ಬಿಗಿದ.

ನನ್ನನ್ನು ಯಾವ ಕಡೆ ಎನ್ನಬೇಡಿ.
ಹಳೇ ಹೆಸರಿನ ಜಾಲರಿಯನ್ನೇ ತೊಳೆದು ಹೊಸದಕ್ಕೆ ಬಳಸಿದವನು ನಾನು.
ಎಷ್ಟು ಉಜ್ಜಿದರೂ ಮುಳ್ಳಿನ ನೆರಳು ಹೋಗಲಿಲ್ಲ.
ಟ್ಯೂಬ್‌ಲೈಟಿಗೆ ಹಿಡಿದರೆ ಕಾಣುತ್ತದೆ,
ಬಟ್ಟೆಗೆ ಬೀಳುವುದಿಲ್ಲ.

ಶನಿವಾರ ಮತ್ತಿಗಿರಿಯ ಛತ್ರದಲ್ಲಿ ಕಾರ್ಯಕ್ರಮ.
ಬಾಗಿಲ ಬಳಿ ನನ್ನ ಮೇಜು.
ಶ್ರುತಿಪೆಟ್ಟಿಗೆ ಶುರುವಾಗಿ ಎರಡು ನಿಮಿಷ ಆಗಿತ್ತೇನೋ,
ಅರ್ಧ ಜನ ಎದ್ದು ಹೊರಟರು.
ಸಂಪಂಗಿ ಕಣ್ಣು ಬಿಟ್ಟು ನೋಡಿದ.
ಹಾಡು ನಿಲ್ಲಿಸಲಿಲ್ಲ; ಒಂದು ಸಾಲು ಜಾರಿತು.
ಹತ್ತೂವರೆ ಪಾಳಿಯ ಬಸ್ಸು ಹೊರಗೆ ಹಾರನ್ ಹೊಡೆದದ್ದು
ಅವನಿಗೆ ಕೇಳಿಸಿರಲಾರದು.
ಪಾಳಿಗೆ ಹೋದವರೆಷ್ಟು, ಸಿಟ್ಟಿಗೆ ಹೋದವರೆಷ್ಟು,
ಮೆಟ್ಟಿಲ ಮೇಲೆ ನಿಂತ ನನಗೂ ಲೆಕ್ಕ ಸಿಗಲಿಲ್ಲ.

ಕಿಟಕಿ ಸೀಟಿನಲ್ಲಿ ಮುನಿಲಿಂಗ.
ಯೂನಿಫಾರಮ್ಮಿನ ಕೊರಳಲ್ಲಿ ಕರಿ ಬಟ್ಟೆಯ ಅಂಚು;
ಒಂದನ್ನು ಉಳಿಸಿಕೊಂಡಿದ್ದಾನೆ.
ಅವನ ಬಾಯಿ ಆಡುತ್ತಿತ್ತು.
ಭಾವನೋ, ಬಾಚಣಿಗೆಯೋ,
ಗಾಜು ಮುಚ್ಚಿತ್ತು.