ಏಳು ಸೆಂಟು

ಬೆಳ್ಯಪ್ಪನವರ ಫೋನು, ರಾತ್ರಿ ಒಂಬತ್ತಕ್ಕೆ:
"ರೈಟ್ರಮ್ಮಾ, ನಿಮ್ಮ ಆ ಭೂಪಟ ಏನನ್ನುತ್ತೆ?
ಕೆರೆಯಲ್ಲಿರೋದು ಒಂದೇ ಸುತ್ತಿನ ನೀರು.
ಸ್ಪ್ರಿಂಕ್ಲರ್ ಹಾಕಲೋ, ಕಾಯಲೋ?"

ಮಾರ್ಚಿನ ಕೊನೆ. ಸುಂಟಿಕೊಪ್ಪದ ಈ ಇಳಿಜಾರಿನಲ್ಲಿ
ರೊಬಸ್ಟಾ ಮೊಗ್ಗು ಬಲಿತು
ಬಸ್ಸಿಗೆ ಕಾದವರ ಹಾಗೆ ಒಂದೇ ಕಡೆ ಮುಖ ಮಾಡಿ ನಿಂತಿದೆ.
ತೋಟದ ಆಫೀಸಿನಲ್ಲಿ ಒಬ್ಬಳೇ,
ಹಾಜರಿ ಪುಸ್ತಕ ಸರಿಸಿ ಜಾಗ ಮಾಡಿ
ಲೋಕವನ್ನು ತೆರೆದೆ.

ಸಾವಿರಾರು ಚುಕ್ಕಿ. ಒಂದೊಂದೂ
ಯಾವುದೋ ಊರಿನ ಬೇಲಿಯೊಳಗಿನ ಬಿಳಿ ಪೆಟ್ಟಿಗೆ,
ಗಂಟೆಗೊಮ್ಮೆ ತನ್ನ ಚಳಿ, ತನ್ನ ಸೆಕೆ,
ತನ್ನ ಗಾಳಿಯ ದಿಕ್ಕು ಹೇಳಿ ಸುಮ್ಮನಾಗುವುದು.
ಕೆಳಗಿನ ಗುಂಡಿಯನ್ನು ಬೆರಳಲ್ಲಿ ಬಲಕ್ಕೆ ಎಳೆದರೆ
ಹಗಲು ಪಡುವಣದ ಕಡೆಗೆ ಚಾಪೆಯಂತೆ ಬಿಚ್ಚಿಕೊಳ್ಳುತ್ತದೆ,
ಎಡಕ್ಕೆ ಎಳೆದರೆ ಸುತ್ತಿಕೊಳ್ಳುತ್ತದೆ.

ಐಸ್‌ಲ್ಯಾಂಡಿನ ಒಂದು ಬಂದರು: ಸೊನ್ನೆಗಿಂತ ನಾಲ್ಕು ಕೆಳಗೆ, ಹಿಮ.
ಚಿಲಿಯ ಮರಳುಗಾಡು: ಮಳೆಯ ಸಾಲಿನುದ್ದಕ್ಕೂ ಸೊನ್ನೆ.
ಮಳೆಯಿಲ್ಲವೆಂದು ಯಾರೂ ಬರೆಯುವುದು ಬಿಟ್ಟಿಲ್ಲ.
ಸೊನ್ನೆ ಬರೆಯುವುದೂ ಕೆಲಸವೇ.
ಜನವರಿ ಪೂರ್ತಿ ನಾನೂ ಬರೆದವಳು.

ಆಮೇಲೆ ನಮ್ಮನ್ನು ಹುಡುಕಿದೆ.
ಮಂಗಳೂರು ಹೇಳುತ್ತಿದೆ, ಮೈಸೂರು ಹೇಳುತ್ತಿದೆ, ಕಣ್ಣೂರು ಹೇಳುತ್ತಿದೆ.
ಮಡಿಕೇರಿಯ ಚುಕ್ಕಿ ಈ ರಾತ್ರಿ ಬೂದು: ಮಾಹಿತಿ ಇಲ್ಲ.
ಆದರೂ ನಮ್ಮ ಮೇಲೆ ತಿಳಿಹಳದಿ ಬಣ್ಣ.
ಎಲ್ಲಿಂದ ಬಂತೆಂದು ಒತ್ತಿ ನೋಡಿದೆ:
ಕಡಲಂಚಿನ ಬೆವರಿಗೆ ಬಯಲಿನ ಧೂಳು ಕೂಡಿಸಿ
ದೂರಕ್ಕೆ ತಕ್ಕಂತೆ ಹಂಚಿದರೆ ಕೊಡಗಂತೆ.
ನಡುವೆ ಎದ್ದು ನಿಂತ ಬೆಟ್ಟಗಳಿಗೆ
ಆ ಲೆಕ್ಕದಲ್ಲಿ ಎತ್ತರವಿಲ್ಲ.

ಇನ್ನೊಂದು ವಿಚಿತ್ರ. ಪಟದ ಗಡಿಯಾರ ಗ್ರೀನಿಚ್ಚಿನದು.
ಅಲ್ಲಿ ಗಂಟೆ ಬಡಿದಾಗ ನಮ್ಮಲ್ಲಿ ಯಾವಾಗಲೂ ಅರ್ಧ.
ಹಾಜರಿ ಕೂಗುವ ಹೊತ್ತಿಗೆ
ನಾವಿನ್ನೂ ದಾರಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.

ಉತ್ತರದ ಒಂದು ದ್ವೀಪದಲ್ಲಿ ಮೂರು ಗಂಟೆ ಖಾಲಿ.
ಗೆರೆ ಕಡಿದು, ಏನೂ ಆಗದ ಹಾಗೆ ಮುಂದುವರಿದಿದೆ.
ಬ್ಯಾಟರಿ ಹೋಯಿತೋ, ಯಾರಾದರೂ ಅತ್ತರೋ.
ಖಾಲಿಯ ಬಗ್ಗೆ ನನಗೆ ಮರುಕವೇ.
ಅನುಮಾನ ಇರುವುದು ನುಣುಪಾದ ಅಂಕಿಗಳ ಮೇಲೆ.
ಹತ್ತು, ಹತ್ತು, ಹತ್ತು ಎಂದು ಹಗಲೆಲ್ಲ ಹೇಳಿದ ಊರು ಕಂಡರೆ
ಎಲಾ, ನೀನೂ ಹಾಸಿಗೆಯಲ್ಲೇ ಬರೆದೆಯಾ
ಎಂದು ಕೇಳಬೇಕೆನಿಸುತ್ತದೆ.

ನಾನು ಬರೆದಿದ್ದೇನೆ.
ಒಂಬತ್ತು ವರ್ಷದ ಹಿಂದೆ, ಏಪ್ರಿಲ್ ಹನ್ನೊಂದು, ಜ್ವರ,
ಹೆಂಚಿನ ಸದ್ದು ಕೇಳಿ ಅಂದಾಜಿಗೆ
ಮಳೆಪುಸ್ತಕದಲ್ಲಿ: ಒಂದು ಇಂಚು.
ಬ್ಯಾಕಿಂಗ್ ಮಳೆ ಸಿಕ್ಕಿತೆಂದು ಬೆಳ್ಯಪ್ಪನವರು ಪೈಪು ಒಳಗಿಡಿಸಿದರು.
ಆ ವರ್ಷ ಕಾಯಿ ಕಟ್ಟಿದ್ದು ಗಿಡಕ್ಕೊಂದು ಹಿಡಿ.
ಬಿಸಿಲನ್ನು ಬೈದರು, ಗೊಬ್ಬರದ ಅಂಗಡಿಯವನನ್ನು ಬೈದರು,
ಹುತ್ತರಿಗೆ ನನಗೊಂದು ಸೀರೆ ಕೊಟ್ಟರು.
ಆ ಇಂಚು ಇನ್ನೂ ಅಲ್ಲೇ ಇದೆ, ನೀಲಿ ಶಾಯಿಯಲ್ಲಿ,
ಸರಾಸರಿಯೊಳಗೆ ಸೇರಿಕೊಂಡು, ಮರ್ಯಾದಸ್ಥನಂತೆ.

"ಕಾಯೋಣ," ಎಂದೆ ಫೋನಿಗೆ. "ಬೆಳಿಗ್ಗೆ ಹೇಳ್ತೇನೆ."

ಎರಡೂವರೆಗೆ ಗುಡುಗು. ಹೆಂಚು ಮಾತಾಡಿತು,
ತುಂಬಾ ಮಾತಾಡಿತು.
ಈ ಸಲ ಕಿವಿಯನ್ನು ನಂಬಲಿಲ್ಲ.

ಐದೂವರೆ. ಗ್ರೀನಿಚ್ಚಿನ ಸೊನ್ನೆ ಗಂಟೆ.
ಪಟದಲ್ಲಿ ನಮ್ಮ ಮೇಲೆ ಅದೇ ತಿಳಿಹಳದಿ, ಮಳೆ ಇಲ್ಲ.
ಟಾರ್ಚು ಹಿಡಿದು, ಒದ್ದೆಯಾದ ಕಾಫಿ ಕಣ ದಾಟಿ,
ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ
ನೀರಿನ ಬಾಗಿದ ಹೊಟ್ಟೆಯ ಕೆಳಗಿನ ಗೆರೆ ಓದಿದೆ.
ಇಂಚಿಗೆ ನೂರು ಸೆಂಟು. ಬಿದ್ದದ್ದು ಏಳು.
ಮೊಗ್ಗನ್ನು ಎಬ್ಬಿಸಲು ಸಾಕು, ಅರಳಿಸಲು ಸಾಲದು.
ಹೀಗೇ ಬಿಟ್ಟರೆ ಅರ್ಧ ಬಾಯಿ ತೆರೆದು ಸುಟ್ಟುಹೋಗುತ್ತದೆ.

ಕರ್ಪ ಆಗಲೇ ಪಂಪ್‌ಹೌಸಿನ ಬಾಗಿಲಲ್ಲಿ ಬೀಡಿ ಹಚ್ಚಿದ್ದ.
"ಎಷ್ಟಮ್ಮ?"
"ಏಳು. ಬೆಳ್ಯಪ್ಪನೋರಿಗೆ ಹೇಳಿದೀನಿ. ಹಾಕು."
"ಹತ್ತು ಅಂತ ಬರೀರಿ, ಚಂದ ಕಾಣ್ತದೆ," ಎಂದು ನಕ್ಕು
ಇಂಜಿನ್ನಿನ ಹ್ಯಾಂಡಲ್ಲಿಗೆ ಕೈಹಾಕಿದ.

ಏಳು ಎಂದು ಬರೆದೆ.
ಪಕ್ಕದಲ್ಲಿ ಹೊತ್ತು: ಐದು ಮೂವತ್ತೆಂಟು.