ಮುಳುಗಿದಷ್ಟೇ ಲೆಕ್ಕ

ಹಡಗನ್ನು ತೂಗುವ ತಕ್ಕಡಿ ಎಲ್ಲೂ ಇಲ್ಲ.
ಮುರ್ಗಾಂವ್ ಬಂದರಿನಲ್ಲಿ ನೀರೇ ತಕ್ಕಡಿ.
ಮೂತಿಯಲ್ಲಿ ಎರಡು, ನಡುವಿನಲ್ಲಿ ಎರಡು, ಬಾಲದಲ್ಲಿ ಎರಡು,
ಆರು ಕಡೆ ಬಿಳಿ ಅಂಕಿ. ಅಲೆ ಎಲ್ಲಿ ನೆಕ್ಕುತ್ತದೋ ಅಲ್ಲಿಗೆ
ಮೆನೆಝಿಸ್ ಬಾಬ್ ಕಣ್ಣು ಕಿರಿದು ಮಾಡಿ ಒಂದು ಸಂಖ್ಯೆ ಕೂಗುತ್ತಾನೆ.
ನಾನು ಬರೆದುಕೊಳ್ಳುತ್ತೇನೆ.
ಹುಚ್ಚೀರಪ್ಪ ಹಗ್ಗ ಕಟ್ಟಿದ ಬಕೆಟ್ಟು ಇಳಿಸಿ
ನೀರೆತ್ತಿ, ಅದರಲ್ಲಿ ಗಾಜಿನ ಕೊಳವೆ ತೇಲಿಬಿಡುತ್ತಾನೆ,
ಜ್ವರ ನೋಡುವವನಂತೆ.

ಉಪ್ಪು ಹೆಚ್ಚಿದ್ದರೆ ಕಡಲು ಹೆಚ್ಚು ಹೊರುತ್ತದೆ.
ಜೂನಿನಲ್ಲಿ ಜುವಾರಿ ಸಿಹಿಯಾಗಿ ಬಂದು ಕೂಡಿಕೊಂಡರೆ
ಅದೇ ಮಣ್ಣು, ಅದೇ ಹಡಗು, ನಾಲ್ಕು ಬೆರಳು ಇನ್ನೂ ಕೆಳಗೆ.
"ಉಪ್ಪು ತಿಂದಾವ್ರೇ ಭಾರ ಹೊರೂದು," ಅನ್ನುತ್ತಾನೆ ಹುಚ್ಚೀರಪ್ಪ,
ಬಾದಾಮಿ ಕಡೆಯವ, ಹತ್ತೊಂಬತ್ತು ವರ್ಷದಿಂದ ಬಾಯ್ನಾದಲ್ಲಿ.
ನಕ್ಕಾಗ ಹಲ್ಲಿನ ಸಂದಿಯಲ್ಲೂ ಕೆಂಪು.

ಆ ವರ್ಷಗಳಲ್ಲಿ ನಮಗೆ ನಿದ್ದೆ ಇರಲಿಲ್ಲ.
ಯಾವುದೋ ದೇಶಕ್ಕೆ ಊರೂರೇ ಎಬ್ಬಿಸಿ ನಿಲ್ಲಿಸುವ ಅವಸರ,
ಸಾಂಗೆಯ ಗುಡ್ಡಗಳು ಬಾರ್ಜು ಹತ್ತಿ ಹೊರಟಿದ್ದವು.
ಇದರಲ್ಲೇನು ಕಬ್ಬಿಣ ಎಂದು ಹಿಂದಿನವರು ಎಸೆದ ರಾಶಿಗೂ
ರಾತ್ರೋರಾತ್ರಿ ಗಿರಾಕಿ.
ಪಾವ್ ಮಾರುವ ಹುಡುಗನೂ ಟನ್ನಿಗೆ ಎಷ್ಟು ಡಾಲರ್ ಎಂದು ಹೇಳುತ್ತಿದ್ದ,
ಸೈಕಲ್ಲಿನ ಪೋಂ ಪೋಂ ನಡುವೆ.

ಆಮೇಲೆ ಒಂದು ಗುರುವಾರ ಎಲ್ಲ ನಿಂತಿತು.
ಕೋರ್ಟು ಅಂದರು ಕೆಲವರು. ಕೆಲವರು, ಅಲ್ಲ,
ಎರಡು ದೇಶ ಮುನಿಸಿಕೊಂಡಿವೆ, ಮೂರನೆಯದರ ಮಣ್ಣು ಅಗ್ಗ ಅಂದರು.
ನಾವು ಕಂಡದ್ದು ಇಷ್ಟು: ದೂರದ ಯಾವುದೋ ಮೇಜಿನ ಮೇಲೆ
ಎರಡು ಕೈ ಕೂಡಿದರೆ ಇಲ್ಲಿ ಹಗ್ಗ ಬಿಚ್ಚುತ್ತಾರೆ,
ಕೈ ಬಿಟ್ಟರೆ ಕಟ್ಟುತ್ತಾರೆ.
ಕಟ್ಟಿಹಾಕಿದ 'ಸಾಂತ್ ಆನಾ' ಬಾರ್ಜಿನ ಮೇಲೆ
ಹುಲ್ಲು ಬಂತು. ಒಂದು ಕೊಕ್ಕರೆ ಸಂಸಾರ ಹೂಡಿತು.

ಈಗ ಬರುವುದು ಗುಜರಿ.
ಯುದ್ಧ ಮುಗಿದ ಕಡೆಯಿಂದ, ಅಥವಾ
ಮುಗಿಯಿತೆಂದು ಸಹಿ ಬಿದ್ದ ಕಡೆಯಿಂದ.
ಕ್ರೇನು ಹಿಡಿಹಿಡಿಯಾಗಿ ಎತ್ತಿದಂತೆ ಹಡಗು ಮೇಲೇಳುತ್ತದೆ,
ನಾನು ಅಂಕಿಗಳನ್ನು ಹಿಂದುಮುಂದಾಗಿ ಬರೆಯುತ್ತೇನೆ.
ಬಾಗಿದ ಹಳಿ. ತೂತು ಬಿದ್ದ ನೀರಿನ ಟ್ಯಾಂಕು.
ಒಂದು ಮಾರುದ್ದದ ಕೊಳವೆ:
ಅದರ ಹತ್ತಿರ ಹೋಗಬೇಡಿ ಎಂದ ಬಾಬ್.
ಒಂದು ಕಿಟಕಿಯ ಸರಳು,
ಬಟ್ಟೆ ಒಣಹಾಕುವ ಹಗ್ಗದ ಗಂಟು ಇನ್ನೂ ಅದರ ಕೊರಳಲ್ಲಿ.

"ಇದು ನಮ್ಮ ಗುಡ್ಡಾನೂ ಇರಬಹುದೇನ್ರೀ?"

ಬಾಬ್ ಮಾತಾಡಲಿಲ್ಲ. ಕಬ್ಬಿಣಕ್ಕೆ ಊರಿನ ಹೆಸರು ಉಳಿಯುವುದಿಲ್ಲ,
ಕಾಯುವಾಗ ಮೊದಲು ಸುಡುವುದು ಅದೇ.

ಫಾರಮಿನಲ್ಲಿ ಕೊನೆಗೊಂದು ಖಾನೆ ಇದೆ.
ಹಡಗಿನ ಮೈತೂಕ, ಎಣ್ಣೆ, ಕುಡಿಯುವ ನೀರು
ಎಲ್ಲ ಕಳೆದ ಮೇಲೂ ಹೊಂದದೆ ಉಳಿಯುವ ಭಾರಕ್ಕೆ.
ಹಳೆಯ ಹಗ್ಗವಿರಬಹುದು, ಕೆಸರು, ತಳಕ್ಕಂಟಿದ ಚಿಪ್ಪು.
ಏನೆಂದು ಯಾರೂ ಇಳಿದು ನೋಡುವುದಿಲ್ಲ.
'ಕಾನ್‌ಸ್ಟಂಟ್' ಎಂದು ಅದರ ಹೆಸರು.
ಇವತ್ತು ಇನ್ನೂರ ಹದಿನಾಲ್ಕು ಟನ್ನು.
ಬಾಬ್ ಸಹಿ ಹಾಕಿದ. ಕೆಳಗೆ ನಾನು.

ನೀರು ಚೆಲ್ಲುವ ಮುನ್ನ ಹುಚ್ಚೀರಪ್ಪ
ಬಕೆಟ್ಟಿನಲ್ಲೇ ಕೈ ತೊಳೆದ.
ಹಳೆಯ ಮಣ್ಣೋ, ಹೊಸ ತುಕ್ಕೋ,
ನೀರು ಕೆಂಪಗಾಯಿತು.
ತೆಗೆಯಲು ಮರೆತಿದ್ದ ಗಾಜಿನ ಕೊಳವೆ
ಅದರಲ್ಲೇ ತೇಲುತ್ತಿತ್ತು,
ಮೊದಲಿಗಿಂತ ಒಂದು ಕೂದಲೆಳೆ ಮೇಲೆ.