ಮೂರೂವರೆಯ ಹಲಗೆ

ಎರಡು ಬಂದಿವೆ. ಸೋಮವಾರದೊಳಗೆ
ಒಂದು ವಾಪಸು ಹೋಗಬೇಕು.
ಮೇ ತಿಂಗಳ ಕೋಲಾರ; ಮಹಡಿಯ ಗಾರೆ
ಬರಿಗಾಲಿಗೆ ಕಾದ ಹೆಂಚು.
ನಾನು ಮಾತ್ರ ಉಣ್ಣೆಯ ಕಾಲುಚೀಲ ತೊಟ್ಟು, ಬೂಟು ಬಿಗಿದು
ಸ್ನೋಬೋರ್ಡಿನ ಮೇಲೆ ನಿಂತು ಮಂಡಿ ಮಡಿಸುತ್ತೇನೆ,
ಇಲ್ಲದ ಇಳಿಜಾರಿಗೆ ಎಡಭುಜ ಕೊಟ್ಟು.
ಪಕ್ಕದ ಮಹಡಿಯಲ್ಲಿ ಸಂಡಿಗೆ ಹಾಕುತ್ತಿದ್ದ ಮುನಿರತ್ನಮ್ಮ
"ಚೂಡಾಮಣಿ, ಯಾವ ದೇವರೇ ಮೈಮೇಲೆ ಬಂದಿರೋದು?" ಅಂದಳು.

ಹನ್ನೊಂದು ಚಳಿಗಾಲ ಔಲಿಯಲ್ಲಿ ಕಲಿಸಿದವಳು.
ಹೊಸಬರಿಗೆ ಹಲಗೆ ಆರಿಸಿಕೊಡಲು
ಅರ್ಧ ನಿಮಿಷ ಸಾಕು ನನಗೆ: ಗಲ್ಲದವರೆಗೆ ಎತ್ತರ,
ಒತ್ತಿದರೆ ಬಾಗುವಷ್ಟು ಮೆದು. ತಗೋ, ಹೋಗು.
ನನಗೇ ಅಂತ ಬಂದಾಗ
ಮೂರು ರಾತ್ರಿ ಫೋನಿನ ಬೆಳಕಲ್ಲಿ ಅಂಕಿ ಓದಿದೆ.
ನಡು ಎಷ್ಟು ಅಗಲ, ಬಿಗಿ ಹತ್ತಕ್ಕೆ ಎಷ್ಟು,
ಬೆನ್ನು ಕಮಾನೋ ತೊಟ್ಟಿಲೋ.

ಉದ್ದದ್ದು ನೂರಾ ಐವತ್ತೇಳು. ಬಿರುಸು.
ಗಟ್ಟಿ ಹಿಮದಲ್ಲಿ ಉಗುರೂರಿ ನಿಲ್ಲುತ್ತದಂತೆ,
ತಪ್ಪಿದರೆ ಕ್ಷಮಿಸುವುದಿಲ್ಲವಂತೆ.
ಗಿಡ್ಡದ್ದು ಮೂಗೆತ್ತಿದ ಹುಡುಗಿ,
ರಾತ್ರಿ ಬಿದ್ದ ಹಿಮದ ಹಿಟ್ಟಿನಲ್ಲಿ ತೇಲುತ್ತದೆ,
ದೇವದಾರುಗಳ ನಡುವೆ ಸೊಂಟ ತಿರುಗಿಸುತ್ತದೆ.
ಎರಡರ ಹಣೆಯಲ್ಲೂ ಅದೇ ಬರಹ: ಎಲ್ಲ ಬೆಟ್ಟಕ್ಕೂ.
"ಎಲ್ಲ ಸಾರಿಗೂ ಒಂದೇ ಪುಡಿ ಹಾಕೋಳು ನಮ್ಮತ್ತೆ,"
ಅಮ್ಮ ಅಂದಳು, ಫ್ಯಾನಿನ ಕೆಳಗಿಂದ ಏಳದೆ.
ಅಷ್ಟೇ ಅಂದಿದ್ದು.

ಹಳೆಯದು ಮೆಟ್ಟಿಲ ಕೆಳಗಿದೆ. ಅಂಚು ಸವೆದು,
ಹೊಟ್ಟೆಯ ಮರಕ್ಕೆ ನೀರಿಳಿದು
ಹುಳುಕು ಹಲ್ಲಿನ ಒಸಡಿನಂತೆ ಊದಿದೆ.
ನಾನು ಎಷ್ಟು ಬಿದ್ದೆ ಅನ್ನುವ ಲೆಕ್ಕ
ಅದರ ಹತ್ತಿರವೇ ಇರಲಿ.

ಟಮಕದ ಬಳಿ ಲಾರಿಗೆ ಮೈ ಕಟ್ಟುವ ಕಾಳಾಚಾರಿಯ ಶೆಡ್ಡಿಗೆ
ಎರಡನ್ನೂ ಹಳೇ ಸೀರೆಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಒಯ್ದೆ.
ಹಿಮವನ್ನು ಅವನು ಫ್ರಿಜ್ಜಿನಲ್ಲಿ ನೋಡಿದ್ದಾನೆ.
ಇಟ್ಟಿಗೆಗಳ ಮೇಲೆ ಮಲಗಿಸಿ, ನಡುವಿಗೆ ಅಂಗೈ ಕೊಟ್ಟು ಒತ್ತಿದ,
ಬಿಟ್ಟ. ಕಿವಿ ಇಟ್ಟ. ಇನ್ನೊಮ್ಮೆ ಒತ್ತಿದ.
"ಒಳಗೆ ಯಾವ ಮರ?"
ಪಾಪ್ಲರ್ ಅಂದೆ. ನಡುನಡುವೆ ಬಿದಿರು.
"ಬಿದಿರು ಹಾಕಿದೋನು ಬುದ್ಧಿವಂತ."
ಆಮೇಲೆ ಕಿವಿಯ ಸಂದಿನಲ್ಲಿ ಬೀಡಿ ಹುಡುಕುತ್ತ ಕೇಳಿದ:
"ನೀನು ಬೀಳೋದು ಯಾವಾಗ?"

ಅಂಗಡಿಯವರು ತೂಕ ಕೇಳಿದ್ದರು, ಬೂಟಿನ ಅಳತೆ,
ಎಷ್ಟು ವರ್ಷದ ಅನುಭವ.
ನಾನು ಶತಶೃಂಗದ ಕಡೆ ನೋಡಿದೆ. ಬಿಸಿಲಿಗೆ ಬಂಡೆಯ ಅಂಚೆಲ್ಲ ನಡುಗುತ್ತಿತ್ತು.
ಬೆಳಗಿನ ಕಡಿದಾದ ಇಳಿತದಲ್ಲಿ ಬೀಳುವುದಿಲ್ಲ ನಾನು.
ಮೂರೂವರೆಗೆ.
ಬಿಸಿಲು ಬೆನ್ನು ತಿರುಗಿಸಿ, ಕರಗಿದ್ದೆಲ್ಲ ಮತ್ತೆ ಗಾಜಾಗುವಾಗ,
ತೊಡೆ ಸೋತು, ಮುಂದೆ ಯಾರದೋ ಮಗು ಅಡ್ಡಾದಿಡ್ಡಿ ಇಳಿಯುವಾಗ,
ಚಹಾದಂಗಡಿಯ ಹೊಗೆ ಕಾಣುವಷ್ಟು ಹತ್ತಿರದಲ್ಲಿ.

"ಹಂಗಾದ್ರೆ ಹಿಡಿಯೋದು ಬೇಕು," ಅಂದ, "ಆದ್ರೆ ಕಚ್ಚಬಾರದು."
ಅರ ತೆಗೆದ. ಉದ್ದದ್ದರ ಮೂಗಿಗೆ, ಬಾಲಕ್ಕೆ, ಅಲ್ಲಿ ಮಾತ್ರ,
ಗೇಣುದ್ದ ಉಕ್ಕಿನ ಮೊನೆ ಮುರಿಯಬಹುದು ಅಂದ.
ನನಗೆ ಗೊತ್ತಿದ್ದದ್ದೇ. ಎಷ್ಟು ಜನಕ್ಕೆ
ನಾನೇ ಉಜ್ಜಿ ಕೊಟ್ಟಿಲ್ಲ!
ಅರ ತಾಗಿದ್ದನ್ನು ಯಾರೂ ವಾಪಸು ತಗೊಳ್ಳುವುದಿಲ್ಲ,
ಅದೂ ಗೊತ್ತು.

"ಉಜ್ಜಲಾ?"

ನಾನು ಗಿಡ್ಡದ್ದನ್ನು ಸೀರೆಯಲ್ಲಿ ಸುತ್ತತೊಡಗಿದೆ.
ಎಷ್ಟು ಎಳೆದು ಕಟ್ಟಿದರೂ
ಮೂಗು ಮಾತ್ರ ಹೊರಗೇ ಉಳಿಯಿತು.